ದಾನದ ವಿಮಾನವೂ ದುಡಿಮೆಯ ವಿಮಾನವೂ

ವಿಮಾನವೆಂಬ ಶಬ್ದವು ನಮ್ಮ ನುಡಿಯಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಆಕಾಶದಲ್ಲಿ ಸಂಚರಿಸುವ ವಾಹನವು ಒಂದು. ದೇವಾಲಯದ ಗರ್ಭಗೃಹವೂ ಅದರ ಮೇಲಣ ಶಿಖರವೂ ಕೂಡಿದ ಕಟ್ಟಡವು ಇನ್ನೊಂದು. ಕ್ರಿ. ಶ. 1112ರಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಆ ಗುಡಿಯ ವಿಮಾನವನ್ನು ನಮ್ಮ ವಾಚಕರಲ್ಲಿ ಹೆಚ್ಚಿನವರು ಕಂಡೇ ಇರುವರು. ಎರಡು ಅರ್ಥಗಳಿಗೂ ಮೂಲವೊಂದೇ. ‘ಮಾ’ ಎಂಬುದು ಅಳೆಯುವುದೆಂಬ ಅರ್ಥದ ಧಾತು; ‘ವಿ’ ಎಂಬುದು ಉಪಸರ್ಗ. ಅಳತೆಯಿಟ್ಟು ರಚಿಸಿದುದೇ ವಿಮಾನ. ಅಳತೆ ತಪ್ಪಿದರೆ ಶಿಖರವು ನಿಲ್ಲದು, ಯಂತ್ರವು ಹಾರದು. ಮುಂದೆ ಹೇಳಲಿರುವ ಚರಿತ್ರೆಗೆ ಈ ವ್ಯುತ್ಪತ್ತಿಯೇ ಪೀಠಿಕೆ.

ಕನ್ನಡನಾಡಿನಲ್ಲಿ ಸೈನಿಕ ವಿಮಾನವಿದ್ಯೆಯು ಅಂಕುರಿಸಿದ ಬಗೆಯನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. 1918ರಿಂದ 1951ರ ವರೆಗಿನ ಮೂವತ್ತಮೂರು ವರ್ಷಗಳ ಕಥೆಯಿದು. ಆ ಕಾಲದಲ್ಲಿ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ನಮ್ಮ ಹಿರಿಯರು ಹೈದರಾಬಾದಿನ ನಿಜಾಮರ ಪ್ರಜೆಗಳು. ದಕ್ಷಿಣದ ಕನ್ನಡಿಗರು ಮೈಸೂರು ಅರಸರ ಪ್ರಜೆಗಳು. ಉಳಿದವರು ಮುಂಬಯಿ, ಮದರಾಸು ಮುಂತಾದ ಪ್ರಾಂತಗಳಿಗೆ ಸೇರಿದವರು. ಈ ಎರಡು ಸಂಸ್ಥಾನಗಳೂ ಬೇರೆ ಬೇರೆ ಕಾಲದಲ್ಲಿ ವಿಮಾನಗಳಿಗಾಗಿ ಹಣವನ್ನು ವೆಚ್ಚ ಮಾಡಿದವು. ಒಂದು ಸಂಸ್ಥಾನವು ಸಿದ್ಧವಾದ ವಿಮಾನಗಳನ್ನು ದಾನವಾಗಿ ಕೊಟ್ಟಿತು. ಇನ್ನೊಂದು ವಿಮಾನಗಳನ್ನು ಮಾಡುವ ಕಾರ್ಖಾನೆಗೆ ನೆಲವನ್ನೂ ಬಂಡವಾಳವನ್ನೂ ಕೊಟ್ಟಿತು. ಈ ಎರಡು ವೆಚ್ಚಗಳಿಂದ ಪ್ರಜೆಗಳಿಗೆ ಉಳಿದುದೇನೆಂಬುದು ಇಲ್ಲಿನ ವಿಚಾರ.

ಚರಿತ್ರೆಗೆ ತೊಡಗುವ ಮೊದಲು ಒಂದು ಭ್ರಾಂತಿಯನ್ನು ನಿವಾರಿಸಿಕೊಳ್ಳಬೇಕು. ರಾಮಾಯಣದಲ್ಲಿ ಪುಷ್ಪಕವಿರುವಾಗ ನಾವು ಪರದೇಶದವರಿಂದ ವಿಮಾನವಿದ್ಯೆಯನ್ನು ಕಲಿತೆವೆನ್ನುವುದು ಸರಿಯೇ ಎಂದು ಕೇಳುವವರುಂಟು. ಅಂಥವರು ಆಧಾರವಾಗಿ ಎತ್ತಿಹೇಳುವ ಗ್ರಂಥ ‘ವೈಮಾನಿಕ ಶಾಸ್ತ್ರ’. ಅದು ಭರದ್ವಾಜ ಮಹರ್ಷಿಗಳದೆಂದು ಪ್ರತೀತಿಯಿದ್ದರೂ, 1918ರಿಂದ 1923ರ ನಡುವೆ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅದನ್ನು ಪರಿಶೀಲಿಸಿ, ಅದರ ಭಾಷೆಯು ವೈದಿಕವಲ್ಲವೆಂದೂ ಅದರಲ್ಲಿ ಹೇಳಿದ ಯಂತ್ರಗಳು ಹಾರಲಾರವೆಂದೂ 1974ರಲ್ಲಿ ನಿರ್ಣಯಿಸಿದರು. ಸಂಸ್ಕೃತವನ್ನು ಓದಿದವರು ಈ ನಿರ್ಣಯದಿಂದ ಕುಗ್ಗಬೇಕಾದ ಕಾರಣವಿಲ್ಲ. ಪುಷ್ಪಕವು ಕವಿಯ ಪ್ರತಿಭೆಯ ಸೃಷ್ಟಿ; ಅದಕ್ಕೆ ಎಣ್ಣೆಯೂ ಬೇಡ, ಮೊಳೆಯೂ ಬೇಡ. ಕಾವ್ಯವನ್ನು ಕಾರ್ಖಾನೆಯೆಂದು ಬಗೆದರೆ ಎರಡಕ್ಕೂ ಅಪಚಾರವಾಗುತ್ತದೆ.

ಇನ್ನು ಚರಿತ್ರೆಗೆ ಬರೋಣ. ಮೊದಲನೆಯ ಮಹಾಯುದ್ಧವು 1914ರಲ್ಲಿ ಆರಂಭವಾದಾಗ ಹೈದರಾಬಾದಿನಲ್ಲಿ ಆಳುತ್ತಿದ್ದವರು 1911ರಲ್ಲಿ ಪಟ್ಟಕ್ಕೆ ಬಂದಿದ್ದ ಮೀರ್ ಉಸ್ಮಾನ್ ಅಲಿ ಖಾನರು. ಅವರು ಆಂಗ್ಲ ಸರ್ಕಾರಕ್ಕೆ ಯುದ್ಧಸಹಾಯವಾಗಿ ಅಪಾರ ದ್ರವ್ಯವನ್ನು ಕೊಟ್ಟರು. ಆ ದ್ರವ್ಯದ ಒಂದಂಶದಿಂದ ಬ್ರಿಟಿಷ್ ವಾಯುಪಡೆಯ 110ನೆಯ ದಳಕ್ಕೆ ವಿಮಾನಗಳು ಒದಗಿದವು. ಡಿ ಹ್ಯಾವಿಲೆಂಡ್ 9 ಎ ಎಂಬ, ಇಬ್ಬರು ಕುಳಿತು ಹೋಗುವ, ಬಾಂಬುಗಳನ್ನು ಹೊರುವ ವಿಮಾನಗಳವು. ಅವುಗಳಿಗೆ ಅಮೆರಿಕದ ಲಿಬರ್ಟಿ ಯಂತ್ರವನ್ನು ಜೋಡಿಸಿತ್ತು. ನಿಜಾಮರ ಕಾಣಿಕೆಯೆಂಬ ಬರಹವನ್ನು ಪ್ರತಿಯೊಂದು ವಿಮಾನದ ಮೇಲೂ ಬರೆಯಲಾಗಿತ್ತು. ದಳಕ್ಕೂ ‘ಹೈದರಾಬಾದ್ ದಳ’ವೆಂದೇ ಹೆಸರಾಯಿತು.

ಈ ದಳವು 1918ರ ಸೆಪ್ಟೆಂಬರ್ ಆರಂಭದ ಹೊತ್ತಿಗೆ ಫ್ರಾನ್ಸಿಗೆ ಹೋಯಿತು. ಜರ್ಮನಿಯ ಒಳನಾಡಿನ ಪಟ್ಟಣಗಳ ಮೇಲೆ ಹಗಲಿನಲ್ಲಿಯೇ ದಾಳಿ ಮಾಡುವುದು ಅದರ ಕೆಲಸ. ನವೆಂಬರ್ 11ರಂದು ಯುದ್ಧವು ನಿಂತಿತು. ಅದರ ಸೇವೆಯು ಎರಡು ತಿಂಗಳು ಮೀರಿದ ಅಲ್ಪಾವಧಿಯದು. ಆ ಅವಧಿಯಲ್ಲಿಯೇ ಅನೇಕ ವಿಮಾನಗಳು ನಷ್ಟವಾದವು. ಅಕ್ಟೋಬರ್ 5ರ ದಾಳಿಯಲ್ಲಿ ಎಫ್ 1010 ಎಂಬ ಸಂಖ್ಯೆಯ ವಿಮಾನವು ಜರ್ಮನರ ಕೈಗೆ ಸಿಕ್ಕಿತು. ಅವರು ಅದನ್ನು ಯುದ್ಧದ ಗೆಲುವಸ್ತುವಾಗಿ ಬರ್ಲಿನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಪೋಲೆಂಡಿಗೆ ಸಾಗಿತು. 1977ರಲ್ಲಿ ಇಂಗ್ಲೆಂಡಿಗೆ ಮರಳಿ ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯವನ್ನು ಸೇರಿತು. ದಾನವಾಗಿ ಹೋದ ವಿಮಾನವು ದಾನಿಯ ರಾಜ್ಯವೇ ಅಳಿದ ಮೇಲೆಯೂ ಉಳಿದಿರುವುದು ಕಾಲದ ಒಂದು ವಿನೋದ.

ಇದೇ 1918ನೆಯ ಇಸವಿಯಲ್ಲಿ ನಮ್ಮ ದೇಶದ ಸ್ಥಿತಿ ಹೇಗಿದ್ದಿತು? ಮುಂಗಾರು ಕೈಕೊಟ್ಟಿತು, ದಖ್ಖನಿನ ಎರೆಹೊಲಗಳಲ್ಲಿ ಜೋಳದ ಬೆಳೆಯು ಒಣಗಿತು. ಅದರ ಬೆನ್ನಿಗೆ ಇನ್‌ಫ್ಲುಯೆಂಜಾ ಜ್ವರವು ಬಂದು ಭಾರತದಲ್ಲಿ ಕೋಟಿಗೂ ಮೇಲ್ಪಟ್ಟು ಜನರನ್ನು ಕೊಂಡೊಯ್ದಿತು. ನಮ್ಮ ಸೀಮೆಯು ಆಗ ರಾಯಚೂರು ಜಿಲ್ಲೆಗೆ ಸೇರಿದ್ದಿತು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಿಯಾಗಿತ್ತು. ಸಂಸ್ಥಾನದ ಬೊಕ್ಕಸವು ಬಹುಮಟ್ಟಿಗೆ ತುಂಬುತ್ತಿದ್ದುದು ರಯತರ ಕಂದಾಯದಿಂದ. ಆ ವಿಮಾನಗಳನ್ನು ಕಟ್ಟಿದವರು ಇಂಗ್ಲೆಂಡಿನ ಕೆಲಸಗಾರರು, ಹಾರಿಸಿದವರು ಬ್ರಿಟಿಷ್ ಸಾಮ್ರಾಜ್ಯದ ತರುಣರು, ಹಾರಿದುದು ಫ್ರಾನ್ಸಿನ ಆಕಾಶದಲ್ಲಿ. ರಯತನ ಪಾಲಿಗೆ ಬಂದುದು ಹೆಸರು ಮಾತ್ರ; ಆ ಹೆಸರೂ ಅವನಿಗೆ ತಿಳಿಯದ ಲಿಪಿಯಲ್ಲಿತ್ತು.

ಅದೇ ವರ್ಷ ಭೂಮಂಡಲದ ಉತ್ತರದ ಅಂಚಿನಲ್ಲಿ ಇನ್ನೊಂದು ವಿಮಾನದಾನವು ನಡೆಯಿತು. ನಮ್ಮ ವಿಷಯಕ್ಕೆ ಅದು ಒಳ್ಳೆಯ ಒರೆಗಲ್ಲು. ಫಿನ್ಲೆಂಡ್ ದೇಶವು ರಷ್ಯದ ಅಧೀನದಿಂದ ಬಿಡಿಸಿಕೊಂಡು 1917ರ ಡಿಸೆಂಬರ್ 6ರಂದು ಸ್ವಾತಂತ್ರ್ಯವನ್ನು ಸಾರಿತು. ಮರುವರ್ಷದ ಆದಿಯಲ್ಲಿಯೇ ಅಲ್ಲಿ ಅಂತಃಕಲಹ ಹೊತ್ತಿತು. ಸೇನಾಪತಿ ಮಾನರ್‌ಹೈಮನ ಪಕ್ಷಕ್ಕೆ ಸ್ವೀಡನ್ನಿನ ಕೌಂಟ್ ಎರಿಕ್ ಫಾನ್ ರೋಸೆನ್ ಎಂಬ ಶ್ರೀಮಂತನು ಒಂದು ಥೂಲಿನ್ ವಿಮಾನವನ್ನು ಕಾಣಿಕೆಯಾಗಿ ಕೊಟ್ಟನು. 1918ರ ಮಾರ್ಚ್ 6ರಂದು ಅದು ಸಮುದ್ರವನ್ನು ದಾಟಿ ವಾಸಾ ಪಟ್ಟಣದಲ್ಲಿ ಇಳಿಯಿತು. ಆ ದಿನವನ್ನೇ ಫಿನ್ಲೆಂಡಿನ ವಾಯುಪಡೆಯು ತನ್ನ ಜನ್ಮದಿನವೆಂದು ಎಣಿಸುತ್ತದೆ. ಆ ವಿಮಾನದ ರೆಕ್ಕೆಯ ಮೇಲೆ ಕೌಂಟನು ತನ್ನ ಶುಭಚಿಹ್ನೆಯಾದ ನೀಲಿ ಸ್ವಸ್ತಿಕವನ್ನು ಬರೆಯಿಸಿದ್ದನು. ‘ಸು’ ಮತ್ತು ‘ಅಸ್ತಿ’ ಕೂಡಿ ‘ಸ್ವಸ್ತಿ’ಯಾಗುತ್ತದೆ, ಒಳ್ಳೆಯದಾಗಲಿ ಎಂಬ ಹಾರೈಕೆಯ ಮಾತದು. ನಮ್ಮ ಎಷ್ಟೋ ಶಿಲಾಶಾಸನಗಳು ಆ ಮಾತಿನಿಂದಲೇ ಆರಂಭವಾಗುತ್ತವೆ. ಜರ್ಮನಿಯ ನಾಜಿ ಪಕ್ಷವು ಅದೇ ಚಿಹ್ನೆಯನ್ನು ಕೈಗೊಂಡುದು 1920ರಲ್ಲಿ. ಅದರಿಂದಾಗಿ ಲೋಕದಲ್ಲಿ ಆ ಚಿಹ್ನೆಗೆ ಬಂದ ಅಪಕೀರ್ತಿಯನ್ನು ಹೇಳಬೇಕಾದುದಿಲ್ಲ. ಫಿನ್ಲೆಂಡಿನವರೂ 1945ರಲ್ಲಿ ತಮ್ಮ ಯುದ್ಧವಿಮಾನಗಳಿಂದ ಅದನ್ನು ಅಳಿಸಿಹಾಕಿದರು.

ಗಮನಿಸಬೇಕಾದುದು ಚಿಹ್ನೆಯನ್ನಲ್ಲ, ದಾನವನ್ನು ಪಡೆದವರ ನಡತೆಯನ್ನು. ಸುಮಾರು ಮೂವತ್ತು ಲಕ್ಷ ಜನಸಂಖ್ಯೆಯ ಆ ಬಡ ದೇಶವು ದಾನದ ವಿಮಾನವನ್ನೇ ನೆಚ್ಚಿ ಕೂಡಲಿಲ್ಲ. ಮೂರು ವರ್ಷ ಕಳೆಯುವುದರೊಳಗೆ, 1921ರಲ್ಲಿ, ರಾಜಧಾನಿಯ ಬಳಿಯ ದ್ವೀಪದ ಕೋಟೆಯಲ್ಲಿ ತನ್ನದೇ ವಿಮಾನ ಕಾರ್ಖಾನೆಯನ್ನು ತೆರೆಯಿತು. ಜರ್ಮನರ ಮಾದರಿಯ ಹಕ್ಕನ್ನು ಕೊಂಡು, ನೀರಿನ ಮೇಲೆ ಇಳಿಯಬಲ್ಲ ಹಾನ್ಸಾ ಎಂಬ ವಿಮಾನವನ್ನು ಕಟ್ಟತೊಡಗಿತು. ಸಾವಿರಾರು ಸರೋವರಗಳ ನಾಡಿಗೆ ಅಂಥ ವಿಮಾನವೇ ತಕ್ಕುದು. ಅದು ಮೊದಲು ಹಾರಿದುದು 1922ರಲ್ಲಿ. ಮುಂದೆ ಸುಮಾರು 120 ಹಾನ್ಸಾಗಳು ತಯಾರಾದವು. 1939ರ ನವೆಂಬರ್ 30ರಂದು ರಷ್ಯವು ಮೇಲೆ ಬಿದ್ದಾಗ ಆ ದೇಶವು ಮೂರುವರೆ ತಿಂಗಳು ಕಾದಿದ ವಿಮಾನಗಳಲ್ಲಿ ಸ್ವಂತ ಕಾರ್ಖಾನೆಯಲ್ಲಿ ಕಟ್ಟಿದ ಫೋಕರ್‌ಗಳೂ ಇದ್ದವು. ದಾನವು ಅಲ್ಲಿ ಬೀಜವಾಯಿತು, ಬೆಳೆಸಿದವರು ತಾವೇ.

ಭಾರತದಲ್ಲಿ ವಾಯುಪಡೆಯು ಸ್ಥಾಪಿತವಾದುದು 1932ರ ಅಕ್ಟೋಬರ್ 8ರಂದು. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಅದರ ಮೊದಲ ತುಕಡಿಯು ನಾಲ್ಕು ವಪಿಟಿ ವಿಮಾನಗಳೊಡನೆ ಕೆಲಸಕ್ಕೆ ನಿಂತಿತು. ವಿಮಾನಗಳೆಲ್ಲ ಇಂಗ್ಲೆಂಡಿನವು, ನಮ್ಮವರು ಚಾಲಕರು ಮತ್ತು ಸಿಪಾಯಿಗಳು. ಎರಡನೆಯ ಮಹಾಯುದ್ಧವು ಬಂದಾಗ ಹೈದರಾಬಾದಿನ ಹೆಸರು ಮತ್ತೆ ಆಕಾಶಕ್ಕೇರಿತು. ಬ್ರಿಟಿಷ್ ವಾಯುಪಡೆಯ 152ನೆಯ ದಳಕ್ಕೂ 253ನೆಯ ದಳಕ್ಕೂ ಆ ಸಂಸ್ಥಾನದ ಹೆಸರನ್ನಿಟ್ಟರು. 1940ರಲ್ಲಿ ಇಂಗ್ಲೆಂಡಿನ ರಕ್ಷಣೆಗಾಗಿ ನಡೆದ ಆಕಾಶಯುದ್ಧದಲ್ಲಿ ಎರಡೂ ಕಾದಿದವು. 152ನೆಯ ದಳದ ಲಾಂಛನವು ನಿಜಾಮರ ಶಿರೋವೇಷ್ಟನ. ಅದರ ಧ್ಯೇಯವಾಕ್ಯದ ಅರ್ಥ ‘ನಿಷ್ಠಾವಂತ ಮಿತ್ರ’ ಎಂದು. ಇಪ್ಪತ್ತೆರಡು ವರ್ಷಗಳು ಕಳೆದಿದ್ದರೂ ದಾನದ ರೀತಿಯು ಬದಲಾಗಿರಲಿಲ್ಲ. ನಾಗರಿಕ ವಿಮಾನಸಂಚಾರಕ್ಕೆ ಆ ಸಂಸ್ಥಾನವು ಗಮನ ಕೊಟ್ಟುದು ನಿಜ. ಯುದ್ಧಕಾಲದಲ್ಲಿ ಬೇಗಂಪೇಟೆಯಲ್ಲಿ ಭಾರತೀಯ ತರುಣರಿಗೆ ಹಾರುವ ಶಿಕ್ಷಣವೂ ದೊರೆಯಿತು. ಆದರೆ 1941ರ ಜನಗಣತಿಯಂತೆ ಒಂದು ಕೋಟಿ ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರಜೆಗಳಿದ್ದ ಆ ರಾಜ್ಯದಲ್ಲಿ ಯುದ್ಧವಿಮಾನವನ್ನು ಕಟ್ಟುವ ಶಾಲೆಯೊಂದೂ ಏಳಲಿಲ್ಲ.

ಅದರ ಅರ್ಧದಷ್ಟೂ ಪ್ರಜೆಗಳಿರದ ಮೈಸೂರು ಸಂಸ್ಥಾನವು ಬೇರೆ ದಾರಿಯನ್ನು ಹಿಡಿಯಿತು. ಗುಜರಾತಿ ಮನೆತನದಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದ ಉದ್ಯಮಿ ವಾಲ್‌ಚಂದ ಹೀರಾಚಂದರಿಗೆ 1939ರಲ್ಲಿ ವಿಮಾನಪ್ರಯಾಣವೊಂದರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ವ್ಯಾಪಾರಿಯ ಪರಿಚಯವಾಯಿತು. ಪಾಲಿಯು ಅದಾಗಲೇ ಚೀನದಲ್ಲಿ ವಿಮಾನದ ಕಾರ್ಖಾನೆಯನ್ನು ನಡೆಸುತ್ತಿದ್ದವನು. ಚೀನದಲ್ಲಿ ಆಗುವುದು ಭಾರತದಲ್ಲೇಕೆ ಆಗಬಾರದೆಂದು ವಾಲ್‌ಚಂದರು ಯೋಚಿಸಿದರು. ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರು ಆ ಯೋಜನೆಗೆ ಕೂಡಲೆ ಬೆಂಬಲವಿತ್ತರು; ಬೆಂಗಳೂರಿನ ಪೂರ್ವಕ್ಕೆ ನೆಲವನ್ನೂ ಸಂಸ್ಥಾನದ ಪಾಲುಬಂಡವಾಳವನ್ನೂ ಒದಗಿಸಿಕೊಟ್ಟರು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ನಾಲ್ಕು ಕೋಟಿ ರೂಪಾಯಿಗಳ ಅಧಿಕೃತ ಬಂಡವಾಳದೊಡನೆ ಬೆಂಗಳೂರಿನಲ್ಲಿ ನೋಂದಾಯಿತವಾಯಿತು. 1941ರಲ್ಲಿ ಭಾರತ ಸರ್ಕಾರವು ಮೂರರಲ್ಲೊಂದು ಪಾಲನ್ನು ಕೊಂಡುಕೊಂಡಿತು.

ಬೆಂಗಳೂರೇ ಏಕೆ ಎಂದು ಕೇಳಬಹುದು. ಕಾರಣಗಳು ಒಂದೇ ದಿನದಲ್ಲಿ ಕೂಡಿಬಂದವಲ್ಲ. 1902ರಿಂದ ಶಿವನಸಮುದ್ರದಲ್ಲಿ ವಿದ್ಯುಚ್ಛಕ್ತಿಯು ಉತ್ಪನ್ನವಾಗುತ್ತಿದ್ದಿತು. 1909ರಲ್ಲಿ ಸ್ಥಾಪಿತವಾದ ವಿಜ್ಞಾನ ಸಂಸ್ಥೆಯಿದ್ದಿತು. 1923ರಿಂದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯು ನಡೆಯುತ್ತಿದ್ದಿತು. ಹವೆಯೂ ಹಿತವಾದುದು. ಅಂತೂ ನಲವತ್ತು ವರ್ಷಗಳಿಂದ ಒಂದೊಂದಾಗಿ ಜೋಡಿಸಿದ ಕಲ್ಲುಗಳ ಮೇಲೆ ಈ ಶಿಖರವು ಏರಿತು. ಅಡಿಪಾಯವಿಲ್ಲದೆ ವಿಮಾನವನ್ನು ಕಟ್ಟಲಾಗದೆಂಬ ವಾಸ್ತುಸೂತ್ರವು ಇಲ್ಲಿಯೂ ನಿಜವಾಯಿತು.

1941ರಲ್ಲಿ ಹಾರ್ಲೋ ಎಂಬ ಶಿಕ್ಷಣವಿಮಾನವು ಬೆಂಗಳೂರಿನಲ್ಲಿ ಜೋಡಣೆಗೊಂಡು ಹಾರಿತು. 1942ರಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನವು ಹಾರಿತು. ಭಾಗಗಳು ಅಮೆರಿಕದಿಂದ ಬಂದವುಗಳೆಂಬುದನ್ನು ಮರೆಯಬಾರದು. ಆದರೆ ಅವುಗಳನ್ನು ಹೊಂದಿಸಿದ ಕೈಗಳು ಇಲ್ಲಿಯವು. ಅಷ್ಟರಲ್ಲಿ ಯುದ್ಧವು ನಮ್ಮ ಬಾಗಿಲಿಗೆ ಬಂದಿತು. 1942ರ ಫೆಬ್ರವರಿಯಲ್ಲಿ ಸಿಂಗಪುರವೂ ಮಾರ್ಚಿಯಲ್ಲಿ ರಂಗೂನೂ ಜಪಾನೀಯರ ವಶವಾದವು. ಏಪ್ರಿಲಿನಲ್ಲಿ ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದಿತು. ಅದೇ ಏಪ್ರಿಲಿನಲ್ಲಿ ಭಾರತ ಸರ್ಕಾರವು ಕಾರ್ಖಾನೆಯ ಆಡಳಿತವನ್ನು ತಾನೇ ವಹಿಸಿಕೊಂಡಿತು. ಹೊಸ ವಿಮಾನಗಳನ್ನು ಕಟ್ಟುವ ಕೆಲಸವು ಹಿಂದೆ ಬಿದ್ದು, ಕೆಟ್ಟ ವಿಮಾನಗಳ ದುರಸ್ತಿಯೇ ಮುಖ್ಯವಾಯಿತು. 1943ರಲ್ಲಿ ಅಮೆರಿಕದ ಸೈನ್ಯವು ಮೇಲ್ವಿಚಾರಣೆಯನ್ನು ವಹಿಸಿಕೊಂಡ ಮೇಲೆ, ಪೂರ್ವದಿಕ್ಕಿನ ರಣಾಂಗಣದಿಂದ ಗಾಯಗೊಂಡ ವಿಮಾನಗಳು ಬೆಂಗಳೂರಿಗೆ ಬರತೊಡಗಿದವು. ಕ್ಯಾಟಲಿನಾ ಎಂಬ ಜಲವಿಮಾನಗಳು ಬೆಳ್ಳಂದೂರಿನ ಕೆರೆಯಲ್ಲಿಯೇ ಇಳಿಯುತ್ತಿದ್ದವು. ರೈತರ ಗದ್ದೆಗಳಿಗೆ ನೀರುಣಿಸುತ್ತಿದ್ದ ಕೆರೆಯು ಹೀಗೆ ಕೆಲಕಾಲ ಯುದ್ಧದ ರೇವೂ ಆಯಿತು.

ದುರಸ್ತಿಯ ಕೆಲಸವನ್ನು ಕೀಳೆಂದು ತಿಳಿಯುವವರುಂಟು. ವಾಸ್ತವದಲ್ಲಿ ಬೆಂಗಳೂರಿನ ಕೆಲಸಗಾರರಿಗೆ ಅದೇ ಗುರುಕುಲವಾಯಿತು. ವ್ಯಾಕರಣವನ್ನು ಕಲಿಯುವವನು ಸಿದ್ಧವಾದ ಪದವನ್ನು ಬಿಡಿಸಿ ಧಾತು, ಪ್ರತ್ಯಯಗಳನ್ನು ಕಾಣುವಂತೆ, ಅವರು ಸಿದ್ಧವಾದ ಯಂತ್ರವನ್ನು ಬಿಚ್ಚಿ ಅದರ ಸಂಧಿಗಳನ್ನು ಕಂಡರು. ಸಾವಿರಾರು ಮಂದಿ ಆ ನಾಲ್ಕೈದು ವರ್ಷಗಳಲ್ಲಿ ಹೀಗೆ ಪಳಗಿದರು. ವಿಜ್ಞಾನ ಸಂಸ್ಥೆಯಲ್ಲಿ 1942ರ ಡಿಸೆಂಬರಿನಲ್ಲಿ ವಿಮಾನಶಾಸ್ತ್ರದ ವಿಭಾಗವು ಆರಂಭವಾಯಿತು. ಜರ್ಮನಿಯ ಗಟಿಂಗೆನ್ನಿನಲ್ಲಿ ಆಚಾರ್ಯ ಪ್ರಾಂಟಲ್ ಅವರ ಬಳಿ ಅಧ್ಯಯನ ಮಾಡಿ ಬಂದಿದ್ದ ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು ಆ ವಿಭಾಗದಲ್ಲಿ ಪಾಠ ಹೇಳಿದರು. ಕೈಗೆ ಕೌಶಲವೂ ಬುದ್ಧಿಗೆ ಶಾಸ್ತ್ರವೂ ಒಂದೇ ಊರಿನಲ್ಲಿ ದೊರೆತವು.

ಯುದ್ಧವು 1945ರಲ್ಲಿ ಮುಗಿಯಿತು. 1947ರಲ್ಲಿ ದೇಶವು ಸ್ವತಂತ್ರವಾಯಿತು. ಆದರೆ ನಮ್ಮ ಸೀಮೆಗೆ ಸ್ವಾತಂತ್ರ್ಯವು ಬಂದುದು ಒಂದು ವರ್ಷ ತಡೆದು. ನಿಜಾಮರು ಭಾರತವನ್ನು ಸೇರಲು ಒಪ್ಪಲಿಲ್ಲ. ರಜಾಕಾರರ ಹಾವಳಿಯು ಮಿತಿಮೀರಿತು. ಮುಂಡರಗಿ, ಗಜೇಂದ್ರಗಡ ಮೊದಲಾದ ಶಿಬಿರಗಳಲ್ಲಿ ನಮ್ಮ ಜನರು ನಿಂತು ಹೋರಾಡಿದುದನ್ನು ಹಿರಿಯರ ಬಾಯಿಂದ ಕೇಳದ ಮನೆಯು ಇಲ್ಲಿ ವಿರಳ. ಆ ದಿನಗಳಲ್ಲಿ ಹೈದರಾಬಾದಿಗೆ ಸ್ವಂತ ವಾಯುಪಡೆಯೆಂಬುದೇ ಇರಲಿಲ್ಲ. ಇಂಗ್ಲೆಂಡಿಗೆ ಮೂರು ದಳಗಳ ಹೆಸರನ್ನು ಕೊಟ್ಟ ರಾಜ್ಯವು, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನು ಕರಾಚಿಯಿಂದ ಕದ್ದು ತರುತ್ತಿದ್ದ ಆಯುಧಗಳಿಗಾಗಿ ಕಾಯಬೇಕಾಯಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆಯು ಒಳಹೊಕ್ಕಾಗ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಬೀದರ ಮತ್ತು ವರಂಗಲ್ಲಿನ ವಿಮಾನನೆಲೆಗಳ ಮೇಲೆ ದಾಳಿ ಮಾಡಿದವು. 17ರಂದು ಎಲ್ಲವೂ ಮುಗಿಯಿತು. ನಿಜಾಮರ ಸೋಲಿನಿಂದ ನಮಗೆ ಬಿಡುಗಡೆಯಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೂ ಚರಿತ್ರೆಯನ್ನು ಓದುವವನಿಗೆ ಅದರಲ್ಲೊಂದು ನೀತಿಯು ಕಾಣುತ್ತದೆ. ಪರರಿಗೆ ಕೊಂಡುಕೊಟ್ಟ ಬಲವು ಹೊತ್ತಿಗೆ ಒದಗುವುದಿಲ್ಲ.

ಅದೇ ಕಾಲದಲ್ಲಿ ಬೆಂಗಳೂರಿನವರು ಬೇರೊಂದು ಸಾಹಸದಲ್ಲಿ ತೊಡಗಿದ್ದರು. ಯುದ್ಧವು ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್ ಎಂಬ ನಾಲ್ಕು ಯಂತ್ರಗಳ ದೊಡ್ಡ ಬಾಂಬು ವಿಮಾನಗಳನ್ನು ಬಿಟ್ಟುಹೋಗಿದ್ದರು. ಅಮೆರಿಕದೊಡನೆ ಆಗಿದ್ದ ಕರಾರಿನ ಮೇರೆಗೆ ಅವು ಮತ್ತೆ ಬಳಕೆಗೆ ಬಾರದಂತೆ ಬೇಕೆಂದೇ ಕೆಡಿಸಿದ್ದರು. ಬೆಂಗಳೂರಿನ ಕೆಲಸಗಾರರು ಅಲ್ಲಿಗೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಹೊಂದಿಸಿ, ಹಾರುವಷ್ಟು ಮಟ್ಟಿಗೆ ಸರಿಪಡಿಸಿದರು. ಕಾರ್ಖಾನೆಯ ಪರೀಕ್ಷಾಚಾಲಕ ಜಮ್‌ಶೇದ್ ಮುನ್ಷಿಯವರು ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಒಂಬೈನೂರು ಮೈಲಿಗಳ ದಾರಿ. ಯಾವ ಯಂತ್ರವು ಎಲ್ಲಿ ನಿಲ್ಲುವುದೋ ಹೇಳುವಂತಿರಲಿಲ್ಲ. ಹೀಗೆ ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳು ಪುನರ್ಜನ್ಮವನ್ನು ಪಡೆದವು. 1948ರ ನವೆಂಬರಿನಲ್ಲಿ ಅವುಗಳಿಂದ ಭಾರತೀಯ ವಾಯುಪಡೆಯ 5ನೆಯ ದಳವು ರೂಪುಗೊಂಡಿತು. 1968ರ ವರೆಗೂ ಆ ವಿಮಾನಗಳು ಸೇವೆಯಲ್ಲಿದ್ದವು.

ಕೊನೆಯ ಮೆಟ್ಟಿಲು ಸ್ವಂತ ರಚನೆ. ಯುದ್ಧಾನಂತರ ಕೆಲಸವು ಕುಗ್ಗಿದಾಗ ಕಾರ್ಖಾನೆಯು ರೈಲುಗಾಡಿಗಳ ಡಬ್ಬಿಗಳನ್ನೂ ಬಸ್ಸುಗಳ ಮೈಗಳನ್ನೂ ಕಟ್ಟಿ ತನ್ನ ಕುಶಲಕರ್ಮಿಗಳನ್ನು ಉಳಿಸಿಕೊಂಡಿತು. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿಯ ಶಿಲ್ಪಿಗಳು ಎಚ್. ಟಿ. 2 ಎಂಬ, ಇಬ್ಬರು ಕೂಡುವ ಶಿಕ್ಷಣವಿಮಾನವನ್ನು ರೂಪಿಸಿದರು. 1951ರ ಆಗಸ್ಟ್ 5ರಂದು ಮುನ್ಷಿಯವರೇ ಅದನ್ನು ಮೊದಲು ಹಾರಿಸಿದರು. ಯಂತ್ರವು ಇಂಗ್ಲೆಂಡಿನದಾದರೂ, ರೆಕ್ಕೆಯ ಅಳತೆಯಿಂದ ಮೊದಲುಗೊಂಡು ವಿಮಾನದ ರಚನೆಯೆಲ್ಲವೂ ಬೆಂಗಳೂರಿನದು. ಅಂಥ ನೂರೈವತ್ತಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಭಾರತದ ಎಷ್ಟೋ ವೈಮಾನಿಕರು ಅವುಗಳಲ್ಲಿಯೇ ಹಾರುವುದನ್ನು ಕಲಿತರು. 1957ರಲ್ಲಿ ಸ್ವತಂತ್ರವಾದ ಆಫ್ರಿಕದ ಘಾನಾ ದೇಶವು 1959ರಲ್ಲಿ ವಾಯುಪಡೆಯನ್ನು ಕಟ್ಟಲು ತೊಡಗಿದಾಗ ಅದರ ಮೊದಲ ಶಿಕ್ಷಣವಿಮಾನಗಳು ಬೆಂಗಳೂರಿನ ಎಚ್. ಟಿ. 2ಗಳು, ಕಲಿಸಿದವರಲ್ಲಿ ಭಾರತೀಯರೂ ಇದ್ದರು.

ಮೈಸೂರಿನವರನ್ನು ಹೊಗಳಿ ನಮ್ಮ ಸೀಮೆಯವರನ್ನು ಹಳಿಯುವುದು ಈ ಲೇಖನದ ಇಂಗಿತವಲ್ಲ. ಮೈಸೂರು ಸಹ ಆಂಗ್ಲರಿಗೆ ಅಧೀನವಾದ ಸಂಸ್ಥಾನವೇ. ಯುದ್ಧಕಾಲದಲ್ಲಿ ಆ ಕಾರ್ಖಾನೆಯು ದುಡಿದುದೂ ಪರರಿಗಾಗಿಯೇ. ರಾಜರ ದಾನಕ್ಕೆ ರಯತನು ಹೊಣೆಗಾರನಲ್ಲ. ಅವನನ್ನು ಯಾರೂ ಕೇಳಿರಲಿಲ್ಲ. ಭೇದವಿರುವುದು ಹಣವನ್ನು ಹಾಕಿದ ಸ್ಥಳದಲ್ಲಿ. ಸಿದ್ಧವಸ್ತುವಿಗೆ ಹಾಕಿದ ಹಣವು ವಸ್ತುವಿನೊಡನೆ ಹೋಯಿತು. ವಿದ್ಯೆಗೆ ಹಾಕಿದ ಹಣವು ಬಡ್ಡಿಯೊಡನೆ ಉಳಿಯಿತು. ಇಂದು ಬೀದರವೂ ಬೆಂಗಳೂರೂ ಒಂದೇ ರಾಜ್ಯದಲ್ಲಿವೆ. 1948ರಲ್ಲಿ ಬಾಂಬು ಬಿದ್ದ ಬೀದರದ ನೆಲೆಯು ಈಗ ವಾಯುಪಡೆಯ ತರುಣರು ಹಾರಲು ಕಲಿಯುವ ಸ್ಥಳ. 2008ರಿಂದ ಅಲ್ಲಿ ಅವರಿಗೆ ಒದಗಿರುವ ಹಾಕ್ ವಿಮಾನಗಳಲ್ಲಿ ಬಹುಪಾಲು ಬ್ರಿಟಿಷರ ಮಾದರಿಯ ಮೇರೆಗೆ ಬೆಂಗಳೂರಿನಲ್ಲಿ ತಯಾರಾದವು. ಸ್ವಂತ ರಚನೆಯ ದಾರಿಯು ಇನ್ನೂ ಮುಗಿದಿಲ್ಲವೆಂಬುದನ್ನೂ ಇದರಿಂದಲೇ ತಿಳಿಯಬಹುದು.

ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಮೇಲೆ ಹೇಳಿದ ಹೈದರಾಬಾದಿನ ವಿಮಾನವು ಸೇರುವ ಮೂರು ವರ್ಷ ಮೊದಲು, 1974ರಲ್ಲಿ, ಒಂದು ಲಿಬರೇಟರ್ ವಿಮಾನವು ಸೇರಿತು. ಭಾರತೀಯ ವಾಯುಪಡೆಯು ಬಳಸಿ ಮುಗಿಸಿ, ಸ್ನೇಹದ ಕಾಣಿಕೆಯಾಗಿ ಕಳುಹಿಸಿದ ವಿಮಾನವದು. ಬ್ರಿಟಿಷರು ಕೆಡಿಸಿ ಬಿಟ್ಟುಹೋದುದನ್ನು ನಮ್ಮವರು ಸರಿಪಡಿಸಿ, ಇಪ್ಪತ್ತು ವರ್ಷ ಹಾರಿಸಿ, ಅವರಿಗೇ ಮರಳಿ ಕೊಟ್ಟರು. ಒಂದು ವಿಮಾನದ ಮೇಲೆ ದಾನಿಯ ಹೆಸರಿದೆ. ಇನ್ನೊಂದನ್ನು ಮತ್ತೆ ಹಾರುವಂತೆ ಮಾಡಿದವರ ಹೆಸರುಗಳು ಅದರ ಮೇಲಿಲ್ಲ. ಅವರ ಕೈ ಹಿಡಿದ ಮೊಳೆಗಳು ಮಾತ್ರ ಇನ್ನೂ ಸಡಿಲವಾಗದೆ ನಿಂತಿವೆ.